ನೀರಲ್ಲಿ ಕಲಸಿದ ಕುಂಕುಮ

ಪುಟ್ಟತಾಯಮ್ಮ ವಾರ್ಡಿನ ಆಳು ಬೆಟ್ಟಯ್ಯನನ್ನು ಮೊದಲು ಕಂಡದ್ದು ಆಸ್ಪತ್ರೆಯ ಜಗುಲಿಯಲ್ಲಿ, ಐವತ್ತನಾಲ್ಕನೇ ಇಸವಿಯ ನವರಾತ್ರಿಯಲ್ಲಿ. ಆಳೆತ್ತರದ ಕಪ್ಪು ಸಿಲಿಂಡರನ್ನು ಓರೆ ಮಾಡಿ, ಬುಡದ ಅಂಚಿನ ಮೇಲೆ ಮೆಲ್ಲಗೆ ತಿರುಗಿಸುತ್ತ ಅವನು ನಡೆದು ಬರುತ್ತಿದ್ದ. ನಿದ್ದೆಗೆಟ್ಟ ಅವಳ ಕಣ್ಣಿಗೆ, ಯಾರೋ ಮುದಿ ತಾಯಿಯ ಕೈ ಹಿಡಿದು ಕರೆತರುವಂತೆ ಕಂಡಿತು.

ಅವಳು ದೇವರಾಜ ಮೊಹಲ್ಲಾದಲ್ಲಿ ಹೂ ಕಟ್ಟುವವಳು. ಐದು ವರ್ಷದ ಮಗಳು ಚೆಲುವಿಗೆ ನ್ಯುಮೋನಿಯಾ ಆಗಿ, ತುಟಿ ನೇರಳೆಹಣ್ಣು ತಿಂದಂತೆ ಕಪ್ಪಿಟ್ಟಿತ್ತು. ಸೂಜಿಮದ್ದು ಹಿಡಿಯುವವರೆಗೆ ಮಗುವಿನ ಉಸಿರಿಗೆ ಆಸರೆ ಬೇಕು ಎಂದಿದ್ದರು ಡಾಕ್ಟರು.

"ಇದ್ರೊಳಗೆ ಏನದೆ ಅಣ್ಣ?"

"ಗಾಳಿ ಕಣಮ್ಮ."

"ಊರ್ ತುಂಬಾ ಗಾಳಿ ಬೀಸ್ತಾ ಅದೆ. ಅದನ್ನೂ ಕಬ್ಬಿಣಕ್ಕೆ ತುಂಬ್ಕಂಡ್ ಬರ್ಬೇಕಾ?"

"ಊರ್ ಗಾಳಿ ನೀರು ಬೆರೆಸಿದ ಹಾಲು. ಇದು ಗಟ್ಟಿ ಹಾಲು ಕಣಮ್ಮ."

ಅವನು ರಬ್ಬರು ಕೊಳವೆಯನ್ನು ನೀರಿನ ಬಾಟಲಿಗೆ ಸಿಕ್ಕಿಸಿದ. ಒಣಗಾಳಿ ನೀರಲ್ಲಿ ಮಿಂದು, ಗುಳುಗುಳು ಎನ್ನುತ್ತ ಮಗುವಿನ ಮೂಗಿಗೆ ಹೋಯಿತು. "ಬೀಡಿ, ದೀಪ, ಊದುಬತ್ತಿ ಹತ್ರ ತರಬ್ಯಾಡಿ. ಇದು ತಾನಾಗಿ ಉರಿಯಕ್ಕಿಲ್ಲ. ಕಿಡಿ ಸಿಕ್ರೆ ಮಾತ್ರ ಕೊಳ್ಳಿ ಮಾಡ್ಬುಡ್ತದೆ."

ಆ ಸದ್ದಿಗೆ ಅವಳಿಗೆ ಜೋಂಪು ಹತ್ತುತ್ತಿತ್ತು. ಕಪಿಲಾ ಹೊಳೆಯ ತಿಳಿನೀರಿನ ತಳದಲ್ಲಿ ಚೆಲುವಿ ಕೂತು ನಗುತ್ತಿದ್ದಾಳೆ, ನಕ್ಕಾಗಲೆಲ್ಲ ಒಂದು ಗುಳ್ಳೆ ಮೇಲೇಳುತ್ತಿದೆ. ಗುಳ್ಳೆ ನಿಂತುಬಿಟ್ಟರೆ? ಬೆಚ್ಚಿ ಕಣ್ಣು ಬಿಡುತ್ತಿದ್ದಳು.

ಆಯುಧಪೂಜೆಯ ದಿನ ವಾರ್ಡಿನ ಕತ್ತರಿ, ತಳ್ಳುಗಾಡಿ ಎಲ್ಲಕ್ಕೂ ಕುಂಕುಮ ಬಿತ್ತು. ಮಗಳಿಗೆ ಉಸಿರು ಕೊಡುವ ಆ ಕಬ್ಬಿಣದ ತಾಯಿಯ ಹಣೆ ಮಾತ್ರ ಬರಿದಾಗಿತ್ತು. ಮುಂದಿನ ಸರದಿಗೆಂದು ತುಂಬಿದ ಸಿಲಿಂಡರೊಂದು ಮಂಚದ ಪಕ್ಕದಲ್ಲೇ ನಿಂತಿತ್ತು. ಬೆಂಕಿ ಕೂಡದು ಅಂದಿದ್ದಾನೆ, ಕರ್ಪೂರ ಬೇಡ, ಕುಂಕುಮಕ್ಕೇನು? ಒಣ ಕುಂಕುಮ ಕಬ್ಬಿಣಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಕುಡುಗೋಲಿಗೆ ಮಾಡುವಂತೆ, ಮೊದಲು ಬೆರಳಿನಿಂದ ಕೊಬ್ಬರಿಎಣ್ಣೆ ಸವರಿ, ಅದರ ಮೇಲೆ ಕುಂಕುಮ ಒತ್ತಿದಳು. ಗಾಳಿ ಹೊರಡುವ ಬಾಯಿಯ ಮೇಲೇ.

ಮಧ್ಯಾಹ್ನ ಗುಳ್ಳೆಗಳು ನಿಧಾನವಾದವು. ಹಳೆಯದು ಮುಗಿಯುತ್ತ ಬಂದಿತ್ತು. ಸ್ಪ್ಯಾನರು ಹಿಡಿದು ಬಂದ ಬೆಟ್ಟಯ್ಯ ಹೊಸದರ ಮುಂದೆ ನಿಂತುಬಿಟ್ಟ. ಬೆರಳಲ್ಲಿ ಮುಟ್ಟಿ ಮೂಸಿದ.

"ಎಣ್ಣೆ ಯಾರು ಹಚ್ಚಿದ್ದು?"

"ನಾನೇ ಅಣ್ಣ. ತಾಯಿಗೆ ಕುಂಕುಮ ನಿಲ್ಲಲಿ ಅಂತ…"

"ಒತ್ತಿ ತುಂಬಿದ ಗಾಳಿ ಕಣಮ್ಮ ಇದು. ಜಿಡ್ಡಿಗೆ ತಾಗಿದ್ರೆ ಕಿಡೀನೂ ಬ್ಯಾಡ, ಅಂಗೇ ಹತ್ಕೊಬುಡ್ತದೆ." ತನ್ನ ಟವಲನ್ನು ಅದರ ಕುತ್ತಿಗೆಗೆ ಬಿಗಿದು, "ಯಾರೂ ಮುಟ್ಟಬ್ಯಾಡಿ. ನೀವು ಗುಳ್ಳೆ ನೋಡ್ತಾ ಇರಿ, ಬಂದ್ಬುಟ್ಟೆ" ಎಂದು ಅಂಗಳದಾಚೆಯ ಆಪರೇಷನ್ ಕೋಣೆಯತ್ತ ಓಡಿದ.

ಒಂದು ಗುಳ್ಳೆ. ಬಹಳ ಹೊತ್ತಿಗೆ ಇನ್ನೊಂದು. ಅವಳು ಪ್ರತಿ ಗುಳ್ಳೆಗೂ "ಚೆಲುವಿ" ಎಂದು ಕರೆಯುತ್ತಿದ್ದಳು, ಕರೆದರೆ ಮುಂದಿನದು ಬಂದೀತೆಂದು. ಮಗುವಿನ ತುಟಿಗೆ ನೇರಳೆ ಬಣ್ಣ ಮತ್ತೆ ಏರುತ್ತಿತ್ತು. ಅಷ್ಟರಲ್ಲಿ ಅಂಗಳದ ಚಪ್ಪಡಿಯ ಮೇಲೆ ಕಬ್ಬಿಣ ಗರಗರ ತಿರುಗುವ ಸದ್ದು ಕೇಳಿತು.

ಬಾಟಲಿ ಮತ್ತೆ ಗುಳುಗುಳು ಎಂದಿತು. ಕಾಲಿಗೆ ಬಿದ್ದವಳನ್ನು ಎಬ್ಬಿಸಿ ಬೆಟ್ಟಯ್ಯ ನಕ್ಕ: "ಓಗ್ಲಿ ಬುಡಿ. ತಾಯಿಗೆ ಕುಂಕುಮ ಬ್ಯಾಡ ಅನ್ನಕ್ಕೆ ನಾನ್ಯಾರು? ಬಾಯಿಗೆ ಬಳೀಬ್ಯಾಡಿ, ಪಾದಕ್ಕಿಡಿ. ನೀರಲ್ಲಿ ಕಲ್ಸಿ."

ಅಂದಿನಿಂದ ಪ್ರತಿ ಆಯುಧಪೂಜೆಗೂ ಅವಳು ಸೇವಂತಿಗೆ ಹೂ, ನೀರಲ್ಲಿ ಕಲಸಿದ ಕುಂಕುಮ ತಂದು ಸಿಲಿಂಡರಿನ ಬುಡಕ್ಕೆ ಇಡುತ್ತಿದ್ದಳು. ಸೆರಗು ಹಿಡಿದು ಬರುತ್ತಿದ್ದ ಚೆಲುವಿ ಎರಡು ಜಡೆಯವಳಾದಳು, ಸೀರೆ ಉಡುವವಳಾದಳು. ಬೆಟ್ಟಯ್ಯನಿಗೆ ಪುಟ್ಟತಾಯಮ್ಮ "ಅಮ್ಮ" ಹೋಗಿ "ತಂಗಿ" ಆಗಿದ್ದಳು.

ಅರವತ್ತೈದರ ಆಯುಧಪೂಜೆಗೆ ಹೋದಾಗ ಎದೆ ಸೋತ ಬೆಟ್ಟಯ್ಯ ತಾನೇ ಮಂಚದ ಮೇಲಿದ್ದ. ಮೂಗಿನಲ್ಲಿ ಕೊಳವೆ, ಪಕ್ಕದಲ್ಲಿ ಅದೇ ಗುಳುಗುಳು. ಕಣ್ಣು ಯಾವುದೋ ಹೊಳೆಯ ತಳದಲ್ಲಿದ್ದಂತಿತ್ತು. ಚೆಲುವಿ ಬಟ್ಟಲು ಹಿಡಿದು ಸಿಲಿಂಡರಿನ ಬುಡದಲ್ಲಿ ಕುಳಿತಳು. ಬೆಟ್ಟಯ್ಯ ಬೆರಳಾಡಿಸಿ ಪುಟ್ಟತಾಯಮ್ಮನನ್ನು ಹತ್ತಿರ ಕರೆದ. ಅವಳು ಬಗ್ಗಿ ಕಿವಿಗೊಟ್ಟಳು.

"ತಂಗೀ, ನೀರಲ್ಲೇ ಕಲ್ಸಿದ್ದೀ ತಾನೆ?"