ಮತ್ತೋಡಿನಿಂದ ಅಕ್ಕನನ್ನು ಕರೆದುಕೊಂಡು

ಬೆಳಿಗ್ಗೆ ಆರಕ್ಕೆ ಹೊಳಲ್ಕೆರೆ ಬಿಟ್ಟೆವು. ಲಾಕ್‌ಡೌನಿನ ದಿನಗಳು, ಬಸ್ಸಿರಲಿಲ್ಲ. ಆಸ್ಪತ್ರೆಯ ಪತ್ರ ತೋರಿಸಿ ಪಡೆದ ಪಾಸನ್ನು ಕಾರಿನ ಗಾಜಿಗೆ ಅಂಟಿಸಿದ್ದೆ. ಕಾರು ನಮ್ಮ ಬೀದಿಯ ನಯಾಜನದು. ಎರಡು ವರ್ಷದಿಂದ ವಾರಕ್ಕೆರಡು ಸಲ ನನ್ನನ್ನು ಡಯಾಲಿಸಿಸ್‌ಗೆಂದು ಚಿತ್ರದುರ್ಗಕ್ಕೆ ಕರೆದೊಯ್ಯುತ್ತಿದ್ದವನು ಅವನೇ. ಈ ಸಲ ಹೊರಟದ್ದು ಬೆಂಗಳೂರಿಗೆ. ಮತ್ತೋಡಿನಲ್ಲಿರುವ ಅಕ್ಕ ಕರಿಯಮ್ಮ ತನ್ನ ಒಂದು ಕಿಡ್ನಿಯನ್ನು ನನಗೆ ಕೊಡುವವಳಿದ್ದಳು. ದಾರಿಯಲ್ಲಿ ಅವಳನ್ನು ಹತ್ತಿಸಿಕೊಳ್ಳಬೇಕಿತ್ತು.

ಕೊರೊನಾ ಹೆಚ್ಚಾಯಿತೆಂದು ಆಪರೇಷನ್ ಆಗಲೇ ಒಮ್ಮೆ ಮುಂದಕ್ಕೆ ಹೋಗಿತ್ತು. ಹದಿನಾಲ್ಕು ದಿನ ಇಬ್ಬರೂ ಯಾರೊಡನೆಯೂ ಬೆರೆಯಬಾರದು, ಒಬ್ಬರಿಗೆ ಸೋಂಕು ಕಂಡರೂ ಆಪರೇಷನ್ ಇಲ್ಲ ಎಂದು ಡಾಕ್ಟರು ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ನನ್ನ ಟೈಲರ್ ಅಂಗಡಿಗೆ ಬೀಗ ಹಾಕಿ ಮಹಡಿಯ ಕೋಣೆ ಸೇರಿದ್ದೆ. ಡಯಾಲಿಸಿಸ್‌ಗೆ ಬಿಟ್ಟರೆ ಹೊರಗೆ ಕಾಲಿಟ್ಟಿರಲಿಲ್ಲ.

ಹೊಸದುರ್ಗದಲ್ಲಿ ಹಾಲಿನ ಬೂತ್ ಬಿಟ್ಟು ಬೇರೇನೂ ತೆರೆದಿರಲಿಲ್ಲ. ತಡೆದ ಪೊಲೀಸಪ್ಪ ಪತ್ರ ಓದಿ, "ಕೊಡೋರು ಯಾರು?" ಎಂದ. "ಅಕ್ಕ" ಎಂದೆ. "ಹೋಗ್ರಿ, ಹೋಗ್ರಿ, ಒಳ್ಳೇದಾಗ್ಲಿ" ಎಂದು ತಾನೇ ಬ್ಯಾರಿಕೇಡ್ ಸರಿಸಿದ.

ಮತ್ತೋಡಿನಲ್ಲಿ ಅಕ್ಕ ಮನೆಯಲ್ಲಿರಲಿಲ್ಲ. ಭಾವ ಈರಣ್ಣ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕುಳಿತಿದ್ದರು. "ಅವ್ಳು ಮನೆ ಬಿಟ್ಟು ಹದಿನಾಲ್ಕು ದಿನ ಆತಪ್ಪ" ಎಂದರು.

ಆಪರೇಷನ್‌ಗೆ ಹೆದರಿ ಯಾವುದೋ ನೆಂಟರ ಮನೆ ಸೇರಿಕೊಂಡಿದ್ದಾಳೆ ಎಂದುಕೊಂಡೆ. ಮೊದಲೇ ಮುಂಗೋಪಿ ನಾನು. "ಇಷ್ಟ ಇಲ್ಲಾಂದ್ರೆ ಮುಂಚೆನೇ ಹೇಳ್ಬೇಕಿತ್ತು ಭಾವ! ಫೋನ್ ಮಾಡಿದಾಗೆಲ್ಲ ಹುಷಾರಾಗವ್ಳೆ ಅಂತಿದ್ರಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ.

"ಹುಷಾರಾಗೇ ಅವ್ಳೆ. ಕುರಿ ಜೊತೆ ಅವ್ಳೆ. ಬಾ, ತೋರಿಸ್ತೀನಿ" ಎಂದು ಭಾವ ಮುಂದೆ ನಡೆದರು.

ಊರಿಂದ ಒಂದು ಮೈಲಿ ಆಚೆ, ಹೊಲದಲ್ಲಿ ಮುಳ್ಳುಬೇಲಿ ಹಾಕಿದ ಕುರಿ ರೊಪ್ಪವಿತ್ತು. ಪಕ್ಕದಲ್ಲೊಂದು ಪುಟ್ಟ ಗುಡಿಸಲು. ಅಕ್ಕ ಮರಿಯೊಂದನ್ನು ಕಾಲ ಸಂದಿಯಲ್ಲಿ ಹಿಡಿದು ಔಷಧಿ ಕುಡಿಸುತ್ತಿದ್ದಳು. "ಅಲ್ಲೇ ನಿಂತ್ಕ! ಹತ್ರ ಬರಬ್ಯಾಡ!" ಎಂದು ನನಗೆ ಗದರಿದಳು.

ಮನೆಯಲ್ಲಿ ಒಂಬತ್ತು ಜನ, ಇರುವುದು ಒಂದೇ ನಡುಮನೆ. ಅಲ್ಲಿ ದೂರ ಇರುವುದೆಂತು? ಗಂಡಸರು ಮಾಡುತ್ತಿದ್ದ ಕುರಿ ಕಾವಲನ್ನು ತಾನೇ ವಹಿಸಿಕೊಂಡು ರೊಪ್ಪಕ್ಕೆ ಬಂದುಬಿಟ್ಟಿದ್ದಳು. ಭಾವ ಎರಡು ಹೊತ್ತು ಬುತ್ತಿಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದ ಮೇಲೆ ಅವಳು ಬಂದು ಎತ್ತಿಕೊಳ್ಳುತ್ತಿದ್ದಳಂತೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಾವು, ಮಳೆ, ಸಿಡ್ಲು ಅಂತ ರಂಪ ಮಾಡ್ತಿದ್ದೆ. ನಿಮ್ಮ ಭಾವಂಗೂ ಬಾಯಿ ಬಿಡಬ್ಯಾಡ್ರಿ ಅಂದಿದ್ದೆ."

ನಾಚಿಕೆಯಿಂದ ಕುಗ್ಗಿಹೋದೆ. "ತಪ್ಪಾತು ಭಾವ" ಎಂದೆ. ಅವರು ಕೇಳಿಸದವರಂತೆ ರೊಪ್ಪದ ಬಾಗಿಲು ಸರಿಮಾಡತೊಡಗಿದರು. ಆಸ್ಪತ್ರೆಯಲ್ಲಿ ಜೊತೆಗೆ ಯಾರನ್ನೂ ಬಿಡುತ್ತಿರಲಿಲ್ಲವಾದ್ದರಿಂದ ಅವರು ಕುರಿಗಳೊಡನೆ ಅಲ್ಲೇ ಉಳಿದರು.

ಅಕ್ಕನನ್ನು ಹಿಂದಿನ ಸೀಟಿಗೆ ಹತ್ತಿಸಿ, ಮೂವರೂ ಮಾಸ್ಕ್ ಹಾಕಿ, ಗಾಜು ಇಳಿಸಿಕೊಂಡು ಹೊರಟೆವು. ಹಿರಿಯೂರಿನಲ್ಲಿ ಹೆದ್ದಾರಿ ಸೇರಿದಾಗ ಹನ್ನೊಂದರ ಬಿಸಿಲು. ಹೋಟೆಲುಗಳು ಮುಚ್ಚಿದ್ದವು. ಹುಣಸೆ ಮರದಡಿ ಮೂವರೂ ದೂರ ದೂರ ಕುಳಿತು ರೊಟ್ಟಿ ಬಿಚ್ಚಿದೆವು.

"ಹೆದರಿಕೆ ಆಗಲ್ವೇನಕ್ಕ?" ಎಂದೆ.

"ಆಗ್ತೈತೆ ಕಣಪ್ಪ. ನಿನ್ನ ಮುಖ ನೋಡಿದ್ರೆ ಇನ್ನೂ ಜಾಸ್ತಿ ಆಗ್ತೈತೆ. ತಿನ್ನು."

ಬೆಂಗಳೂರಿನಲ್ಲಿ ಅಂದು ಸಂಜೆಯೇ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ಮರುದಿನ ಮಧ್ಯಾಹ್ನದವರೆಗೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಇಬ್ಬರದೂ ನೆಗೆಟಿವ್ ಎಂದು ನರ್ಸಮ್ಮ ಹೇಳಿದಾಗ ಪಕ್ಕದ ಕೋಣೆಯಿಂದ ಅಕ್ಕ "ನಮ್ಮ ಕುರಿ ಚೆನ್ನಾಗಿರ್ಲಿ!" ಎಂದು ಕೂಗಿದ್ದು ವಾರ್ಡಿಗೆಲ್ಲ ಕೇಳಿಸಿತು. ನಾಲ್ಕನೇ ದಿನ ಆಪರೇಷನ್ ಆಯಿತು. ವಾರದ ಮೇಲೆ ಅಕ್ಕ ಊರಿಗೆ ಹೋದಳು. ನಾನು ಆಸ್ಪತ್ರೆಯ ಹತ್ತಿರ ಕೋಣೆ ಹಿಡಿದು ಮೂರು ತಿಂಗಳು ಉಳಿದೆ.

ಆಮೇಲೊಂದು ದಿನ ತಪಾಸಣೆಗೆ ಬಂದ ಅಕ್ಕ ನನ್ನನ್ನೂ ನಯಾಜನ ಕಾರಿಗೆ ಹತ್ತಿಸಿಕೊಂಡು ಊರಿಗೆ ಹೊರಟಳು. ಸೋನೆ ಮಳೆ ಹಿಡಿದಿತ್ತು. ಹಿರಿಯೂರು ಇನ್ನೂ ಹತ್ತು ಕಿಲೋಮೀಟರ್ ಇರುವಾಗ "ಸ್ವಲ್ಪ ನಿಲ್ಸಪ್ಪ" ಎಂದೆ.

"ಯಾಕಣ್ಣ, ಏನಾತು?" ನಯಾಜ್ ಗಾಬರಿಯಿಂದ ತಿರುಗಿದ.

"ಏನಿಲ್ಲ. ಉಚ್ಚೆ ಹೊಯ್ಬೇಕು."

ಎರಡು ವರ್ಷ ಅವನ ಕಾರಿನಲ್ಲಿ ತಿರುಗಿದರೂ ಒಮ್ಮೆಯೂ ಹೀಗೆ ಕೇಳಿರಲಿಲ್ಲ. ಕೆಟ್ಟುಹೋದ ನನ್ನ ಕಿಡ್ನಿಗಳು ಮೂತ್ರ ತಯಾರಿಸುವುದನ್ನೇ ನಿಲ್ಲಿಸಿದ್ದವು. ನಯಾಜ್ ನಗುತ್ತಲೇ ಕಣ್ಣೊರೆಸಿಕೊಂಡ. ನಾನು ಇಳಿದು ಬೇಲಿಯ ಮರೆಗೆ ಹೋದೆ.

ಕಾರಿನ ಗಾಜು ಇಳಿಸಿ ಅಕ್ಕ ಕೂಗಿದಳು: "ನಿಧಾನಕ್ಕೆ ಹೊಯ್ಯಪ್ಪ, ನಮಗೇನೂ ಅವಸರ ಇಲ್ಲ."