ಕ್ಯಾರಿಯರ್ ಮೇಲಿಂದ ಚಾಚಿದ ಕೊಡೆ

ಬಸ್ ಡ್ರೈವರುಗಳನ್ನು ನಾನು ಬಹಳ ಹತ್ತಿರದಿಂದ ಬಲ್ಲೆ. ಎಷ್ಟು ಹತ್ತಿರವೆಂದರೆ, ಎಪ್ಪತ್ತರ ದಶಕದಲ್ಲಿ ಅವರ ಬಸ್ಸಿನ ತಗಡು ನನ್ನ ಸೆರಗನ್ನು ಸವರಿಕೊಂಡೇ ಹೋಗುತ್ತಿತ್ತು. ಸ್ಟೇರಿಂಗ್ ಕೈಗೆ ಬಂದ ದಿನವೇ ಬುದ್ಧಿ ಕಾಲಿಗಿಳಿದ ಜನ.

ನನ್ನ ಗಂಡ ಲಿಂಗದಹಳ್ಳಿ ಕಡೆಯ ಒಂದು ಊರಿನಲ್ಲಿ ಮೇಷ್ಟ್ರು. ಮೇಷ್ಟ್ರ ಸಂಬಳಕ್ಕೆ ಪದೇ ಪದೇ ಬಸ್ ಚಾರ್ಜು ಎಟಕದು, ತರೀಕೆರೆಗೆ ಹೋಗಬೇಕೆಂದರೆ ಅವರ ಸೈಕಲ್ಲೇ ಗತಿ. ನಾನು ಹಿಂದೆ ಕ್ಯಾರಿಯರ್ ಮೇಲೆ, ಮರ್ಯಾದಸ್ಥ ಹೆಂಗಸರೆಲ್ಲ ಕೂರುವಂತೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟುಕೊಂಡು. ಡಾಂಬರು ಒಂದು ಬಸ್ಸಿನಗಲ. ಅಂಚು ದಾಟಿದರೆ ಅರ್ಧ ಅಡಿ ಕೆಳಗೆ ಜಲ್ಲಿ, ಮಣ್ಣು. ಹಾರನ್ ಕೇಳಿದ ಕೂಡಲೇ ಸೈಕಲ್ಲಿನವನು ಅಲ್ಲಿಗೆ ಇಳಿಯಬೇಕು ಎಂಬುದು ಆ ಡ್ರೈವರ್ ಮಹಾನುಭಾವರ ಕಾನೂನು. ಒಂದು ಗಳಿಗೆ ಬ್ರೇಕ್ ತುಳಿದರೆ ಕಿರೀಟ ಬಿದ್ದುಹೋಗುತ್ತಿತ್ತು ನೋಡಿ.

ಮೊದಲ ಬಸುರಿಗೆ ನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಗೆ ಹೊರಟಿದ್ದೆವು. ಹಿಂದಿನಿಂದ ಹಾರನ್. ಯಾರಿಗೂ ಎದುರಾಡದ ನನ್ನ ಗಂಡ ಎಡಕ್ಕೆ ಎಳೆದರು, ಚಕ್ರ ಅಂಚಿನಿಂದ ಜಾರಿತು. ನಾನು ಮೊದಲು ಬಿದ್ದೆ, ಸೈಕಲ್ಲು ನನ್ನ ಮೇಲೆ ಬಿತ್ತು. ಡ್ರೈವರ್ ಸೀಟಿನಿಂದಲೇ ನಮ್ಮ ಕಡೆಯ ಕಿಟಕಿಯತ್ತ ಬಗ್ಗಿ, ತನ್ನ ಗಿರಿಜಾ ಮೀಸೆ ತೋರಿಸಿ, "ಲೇ, ಹಾರನ್ ಕೇಳ್ಸಲ್ವೇನೋ? ಕಿವಿಗೇನ್ ಹತ್ತಿ ಇಟ್ಕಂಡಿದೀಯಾ?" ಎಂದು ಕೂಗಿ ಹೊರಟೇಹೋದ. ಆ ಮಗು ಉಳಿಯಲಿಲ್ಲ.

"ಇರ್ಲಿ ಬಿಡೇ, ನಮ್ಮ ಹಣೇಬರ," ಅಂದರು ಇವರು. ಹಣೆಬರಹವಂತೆ! ಅದನ್ನು ಬರೆದವನ ಮೀಸೆಯನ್ನು ನಾನೇ ಕಣ್ಣಾರೆ ನೋಡಿದ್ದೆ.

ಮತ್ತೆ ಬಸುರಾದಾಗ ಕಾಲುಗಳನ್ನು ಬಲಕ್ಕೆ ಹಾಕಿ, ರಸ್ತೆಗೆ ಮುಖಮಾಡಿ ಕೂತೆ. ಅತ್ತೆ ತಲೆ ಚಚ್ಚಿಕೊಂಡರು: "ಗಂಡುಬೀರಿ ಕಣೇ ನೀನು! ನೋಡ್ದೋರು ಏನಂತಾರೆ?" ನೋಡಲಿ ಎಂದೇ ಹಾಗೆ ಕೂತದ್ದು. ಬಸ್ಸಿನ ಸದ್ದು ಕೇಳಿದೊಡನೆ ಗಂಡನ ಉದ್ದ ಕೊಡೆಯನ್ನು ರಸ್ತೆಗೆ ಅಡ್ಡ ಚಾಚಿ, "ಅಂಚಿಗೆ ಹೋದ್ರೆ ನೋಡಿ ಮತ್ತೆ!" ಎಂದು ಇವರ ಬೆನ್ನಿಗೆ ಗದರುತ್ತಿದ್ದೆ. ಕೊಡೆಯ ತುದಿಗೆ ಕಬ್ಬಿಣದ ಮೊನೆಯಿತ್ತು. ಬಸ್ಸಿನ ಬಣ್ಣಕ್ಕೆ ಗೀರು ಬಿದ್ದೀತೆಂದು ಆ ಶೂರರೆಲ್ಲ ನಿಧಾನಿಸಿ, ಆಚೆ ಬದಿಯ ಮಣ್ಣಿಗೆ ಗಾಲಿ ಇಳಿಸಿ, ಒಂದಾಳು ದೂರ ಬಿಟ್ಟು ಹೋಗತೊಡಗಿದರು. ನನ್ನ ಹೊಟ್ಟೆಯಲ್ಲಿದ್ದ ಜೀವಕ್ಕಿಲ್ಲದ ಬೆಲೆ ಅವರ ಬಣ್ಣಕ್ಕಿತ್ತು, ಥೂ.

"ರಸ್ತೆ ನಿಮ್ಮಪ್ಪಂದೇನಮ್ಮಾ?" ಎಂದು ಒಬ್ಬ ಕೂಗಿದ.

"ನಿಮ್ಮಪ್ಪಂದೂ ಅಲ್ಲ, ಹೋಗಯ್ಯಾ!" ಎಂದೆ.

ಮಗಳು ಹುಟ್ಟಿದಳು. ಅವಳಿಗೆ ವರ್ಷ ತುಂಬಿದ ಮೇಲೆ ಒಂದು ದಿನ ಅವಳನ್ನು ಅತ್ತೆಗೊಪ್ಪಿಸಿ, ಅದೇ ಕೊಡೆ ಹಿಡಿದು ಕಡೂರಿಗೆಂದು ಬಸ್ಸು ಹತ್ತಿದೆ. ಎಂಜಿನ್ ಪಕ್ಕದ ಸೀಟು ಸಿಕ್ಕಿತು. ಸ್ಟೇರಿಂಗ್ ಹಿಂದೆ ಅದೇ ಮೀಸೆ. ಯಾರೊಡನೆಯೋ ಕೊಚ್ಚಿಕೊಳ್ಳುತ್ತಿದ್ದ: "ಹದಿನೈದು ವರ್ಸ ಆಯ್ತು ಕಣ್ರೀ, ನನ್ ಕೈಲಿ ಒಂದು ಕೋಳಿಮರೀನೂ ಸತ್ತಿಲ್ಲ!"

"ಒಂದು ಸತ್ತಿದೆ," ಎಂದೆ. "ಬದುಕಿದ್ದಿದ್ರೆ ನನ್ನ ಮಗಳ ಜೊತೆ ಆಡ್ಕಂಡಿರ್ತಿತ್ತು."

"ಏನಂದ್ರಿ?" ಎಂದವನು ಉತ್ತರಕ್ಕೂ ಕಾಯದೆ ಹಾರನ್ ಒತ್ತಿದ. ಮುಂದೆ ಒಂದು ಸೈಕಲ್ಲು, ಕ್ಯಾರಿಯರ್ ಮೇಲೆ ಎಡಕ್ಕೆ ಕಾಲು ಬಿಟ್ಟು ಕೂತ ಹೆಂಗಸು. ನಾನು ಕೊಡೆಯ ಮೊನೆಯನ್ನು ಅವನ ಪಕ್ಕೆಗೆ ಒತ್ತಿ ಹಿಡಿದೆ.

"ಬ್ರೇಕ್ ತುಳಿಯೋ."

ತುಳಿದ. ಸೈಕಲ್ಲು ಡಾಂಬರಿನ ಮೇಲೆಯೇ ಹೋಯಿತು. ಇಷ್ಟೇ ಆಗಿತ್ತು ನಾವು ಬಿದ್ದ ದಿನ ಅವನು ಮಾಡಬೇಕಿದ್ದ ಕೆಲಸ.