ಅಕ್ಕನ ಮರೆವು

ನಮ್ಮ ಮನೆಯಲ್ಲಿ ಮರೆಗುಳಿ ಎಂದರೆ ನಾನೇ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಬಸ್ಸಿನಲ್ಲಿ ಕೊಡೆ ಬಿಟ್ಟು ಇಳಿಯುವುದು ನನ್ನ ಹುಟ್ಟುಗುಣ. ನನ್ನ ತಮ್ಮ ತದ್ವಿರುದ್ಧ. ನಂಜನಗೂಡು–ನರಸೀಪುರ ಬಸ್ಸಿನ ಕಂಡಕ್ಟರ್ ಅವನು. ಸುತ್ತೂರಿಗೆ ಟಿಕೆಟ್ ತೆಗೆದು ಮುಂದಕ್ಕೂ ಕೂತೇ ಇರುವವರು ಯಾರು ಎಂದು, ತುಂಬಿದ ಬಸ್ಸಿನಲ್ಲೂ ಮುಖ ನೋಡಿಯೇ ಹೇಳುತ್ತಿದ್ದ. ನನ್ನ ಕೊಡೆಗಳನ್ನು ವಾಪಸ್ ತಂದುಕೊಡುತ್ತಿದ್ದವನೂ ಅವನೇ.

ಅವನಿಗೆ ರಕ್ತದ ಕ್ಯಾನ್ಸರ್ ಬಂತು. ಒಂದು ಮಧ್ಯಾಹ್ನ ನಂಜನಗೂಡಿನ ನಮ್ಮ ಮನೆಗೆ ಬಂದವನು ಒಳಗೆ ಬಾರದೆ ಬಾಗಿಲಲ್ಲೇ ನಿಂತ. ಚಪ್ಪಲಿ ನೋಡಿಕೊಂಡೇ ಮಾತಾಡಿದ.

"ಅಕ್ಕ, ಸ್ಟೆಮ್ ಸೆಲ್ ಅಂತ ಏನೋ ಬೇಕಂತೆ. ಒಡಹುಟ್ಟಿದೋರ್ದಾದ್ರೆ ಒಂದ್ಕೊಳ್ಳೋದು ಜಾಸ್ತಿಯಂತೆ. ಕೇಳೋಕೆ ಒಂಥರಾ ಆಯ್ತದೆ. ಕೊಡ್ತೀಯಾ?"

"ಕೊಡ್ತೀನಿ, ಒಳಗ್ ಬಾ" ಎಂದು ಗದರಿದೆ. ನನ್ನನ್ನು ಕೇಳಲು ಇವನಿಗೆ ಸಂಕೋಚವೇ ಎಂದು ನನಗೆ ಸಿಟ್ಟು.

ಪರೀಕ್ಷೆ ಮಾಡಿದಾಗ ನನ್ನದು ಹೊಂದಿತು. ಎರಡೂ ಕೈಗೆ ಸೂಜಿ ಚುಚ್ಚಿಸಿಕೊಂಡು ಯಂತ್ರದ ಪಕ್ಕ ಮಲಗಿ, ಹೊಸ ರಕ್ತ ಹುಟ್ಟಿಸುವ ಆ ಕಣಗಳನ್ನು ಕೊಟ್ಟೆ. ಅವನ್ನು ಅವನ ಮೈಗೆ ಸೇರಿಸಿದರು. ಕಸಿ ಹಿಡಿದಿದೆ ಎಂದು ಮೈಸೂರಿನ ಆಸ್ಪತ್ರೆಯವರು ಅವನನ್ನು ಮನೆಗೆ ಕಳಿಸಿದರು. ನರಸೀಪುರದಲ್ಲಿ ಅವನೂ ಅವ್ವನೂ ಇದ್ದ ಮನೆಯನ್ನು ಅವ್ವ ಫಿನಾಯಿಲ್ ಹಾಕಿ ಒರೆಸಿದ್ದೇ ಒರೆಸಿದ್ದು. ಮಾಸ್ಕ್ ಇಲ್ಲದವರು ಹೊಸಿಲು ದಾಟುವಂತಿರಲಿಲ್ಲ. ಬರುವ ರೋಗ ಹೊರಗಿನಿಂದಲೇ ಬರುತ್ತದೆ ಎಂದು ಎಲ್ಲರೂ ಬಾಗಿಲು ಕಾಯುತ್ತಿದ್ದೆವು.

ಒಂದು ಬೆಳಿಗ್ಗೆ ಇಡ್ಲಿ ತಿಂದು ಕೈ ತೊಳೆದು ಬಂದವನು, "ಅವ್ವಾ, ತಿಂಡಿ ಆಗಿಲ್ವಾ?" ಎಂದ.

ಅವ್ವ ನಕ್ಕಳು. "ಅಕ್ಕನ್ ರಕ್ತ ಅಲ್ವಾ ಒಳಗ್ ಓಡ್ತಿರೋದು. ಅವಳ್ ಮರೆವೂ ಜೊತೆಗೇ ಬಂದದೆ ಬುಡು."

ಅದೇ ಮನೆಯ ತಮಾಷೆಯಾಯಿತು. ಅವನು ಮಾತ್ರೆ ನುಂಗಿ ಮತ್ತೆ ಮಾತ್ರೆ ಕೇಳಿದರೆ ಅವನ ಹೆಂಡತಿ ನನ್ನ ಕಡೆ ನೋಡಿ ನಗುತ್ತಿದ್ದಳು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಓಡಾಡುತ್ತಾನೆ ಎಂದು ಅವಳೇ ಹೇಳಿದಾಗಲೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗಂತೂ ಮೈ ಉರಿಯುತ್ತಿತ್ತು. ಒಂದು ದಿನ ನಾನು ಹೋದಾಗ, "ಯಾವಾಗ್ ಬಂದೆ, ಅಕ್ಕ?" ಎಂದ. ಹೇಳಿದೆ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. "ಯಾವಾಗ್ ಬಂದೆ, ಅಕ್ಕ?" ಎಂದ, ಅದೇ ನಗು, ಅದೇ ಸಂತೋಷ. ನಾನು ಮರೆತರೆ, ಅಯ್ಯೋ ಮರೆತೆನಲ್ಲ ಎಂದು ತಲೆ ಚಚ್ಚಿಕೊಳ್ಳುತ್ತೇನೆ. ಇವನಿಗೆ ಮರೆತದ್ದೇ ಗೊತ್ತಿಲ್ಲ.

"ಇದು ನನ್ ಮರೆವಲ್ಲ" ಎಂದು ಕೂಗಾಡಿ ಕಾರು ತರಿಸಿದೆ.

ದಾರಿಯಲ್ಲಿ ಅವ್ವ ಅವನ ರೂಟಿನ ಸ್ಟಾಪುಗಳನ್ನು ಕೇಳಿದಳು. ಒಂದೂ ತಪ್ಪದೆ ಒಪ್ಪಿಸಿದ. "ನೋಡು, ಎಲ್ಲಾ ಗ್ಯಾಪ್ಕ ಅದೆ" ಎಂದು ಅವಳು ಉಸಿರು ಬಿಟ್ಟಳು. ಅವನು ಕಿಟಕಿಯಿಂದ ತಿರುಗಿ, "ಇದ್ಯಾರ್ ಕಾರು? ಎಲ್ಲಿಗ್ ಓಯ್ತಿದ್ದೀವಿ?" ಎಂದ. ಮೈಸೂರು ತಲುಪುವವರೆಗೂ ಅದನ್ನೇ ಕೇಳಿದ.

ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ ಮಾಡಿದ ಡಾಕ್ಟರು, ಮಿದುಳಿಗೆ ವೈರಸ್ ತಗುಲಿದೆ ಎಂದರು. "ಇದು ಹೊರಗಿಂದ ಬಂದಿದ್ದಲ್ಲಮ್ಮ. ಚಿಕ್ಕಂದಿನಲ್ಲೇ ಹೆಚ್ಚುಕಡಿಮೆ ಎಲ್ಲರ ಮೈಗೂ ಸೇರಿ ಸುಮ್ಮನಿರುತ್ತೆ. ಕಸಿ ಆದ್ಮೇಲೆ ಮೈಯ ಕಾವಲು ಇನ್ನೂ ಬಲಿತಿಲ್ಲ. ಅದು ಎದ್ದಿದೆ."

"ನನ್ನಿಂದ ಬಂತಾ, ಸಾರ್?"

"ಅವರ ಮೈಯಲ್ಲೇ ಇದ್ದದ್ದಿರಬೇಕು" ಎಂದರು. ಆ 'ಇರಬೇಕು' ಎಂಬ ಮಾತು ನನ್ನನ್ನು ಇನ್ನೂ ಕೊರೆಯುತ್ತದೆ.

ನರಕ್ಕೆ ಔಷಧಿ ಹಾಕಿದರು. ಜೀವ ಉಳಿಯಿತು. ರಕ್ತದ ರಿಪೋರ್ಟುಗಳು ಈಗ ಚೆನ್ನಾಗಿವೆ. ಆದರೆ ಅವನ ನೆನಪು ಕಸಿಗೆ ಮುಂಚೆಯೇ ಎಲ್ಲೋ ನಿಂತುಬಿಟ್ಟಿದೆ, ಹೊಸದು ಯಾವುದೂ ಅಂಟುವುದಿಲ್ಲ.

ಭಾನುವಾರ ನಾನು ನರಸೀಪುರಕ್ಕೆ ಹೋದರೆ ಜಗುಲಿಯಿಂದ ಎದ್ದು ಬರುತ್ತಾನೆ. ಚಪ್ಪಲಿ ನೋಡಿಕೊಂಡು ನಿಲ್ಲುತ್ತಾನೆ. "ಅಕ್ಕ, ಸ್ಟೆಮ್ ಸೆಲ್ ಅಂತ ಏನೋ ಬೇಕಂತೆ. ಕೇಳೋಕೆ ಒಂಥರಾ ಆಯ್ತದೆ."

ಮೊದಮೊದಲು, ಕೊಟ್ಟಾಗಿದೆ ಕಣೋ ಎಂದು ಹೇಳುತ್ತಿದ್ದೆ. ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. "ಯಾವಾಗ? ನಂಗ್ಯಾಕ್ ಗೊತ್ತಿಲ್ಲ? ನಂಗೇನಾಗದೆ?" ಎಂದು ನನ್ನ ಕೈ ಹಿಡಿದು ಕೇಳುತ್ತಿದ್ದ. ಈಗ ಹಾಗೆ ಹೇಳುವುದಿಲ್ಲ.

"ಕೊಡ್ತೀನಿ, ಒಳಗ್ ಬಾ" ಎನ್ನುತ್ತೇನೆ.

ಅವನ ಕಣ್ಣು ತುಂಬುತ್ತದೆ. ಅವ್ವನಿಗೆ ಹೇಳಿಬರುತ್ತೇನೆಂದು ಹಿತ್ತಲಿಗೆ ಹೋಗುತ್ತಾನೆ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು ಕೂತಿರುವಾಗಲೇ ಅವನ ಚಪ್ಪಲಿಯ ಸದ್ದು ಮತ್ತೆ ನನ್ನ ಕಡೆಗೆ ಬರುತ್ತದೆ.